ಸಹಾಯ ಬೇಕು: ಹಡಗಿನ ನಂಬರ್ ತಾಳೆಯಾಗುತ್ತಿಲ್ಲ

ದಾವಣಗೆರೆಯ ಹುಡುಗನೊಬ್ಬನಿಗೆ ಸರಕು ಹಡಗಿನ ಕೆಲಸದ ಪತ್ರ ಬಂದಿದೆ. ಹಡಗು ಪನಾಮ ಧ್ವಜದ್ದಂತೆ (ಅಂದರೆ ಅಲ್ಲಿ ನೋಂದಣಿಯಾದದ್ದು), ಹಡಗಿನ ಕಾಯಂ ಗುರುತಿನ ಸಂಖ್ಯೆಯಾದ ಐಎಂಒ ನಂಬರ್ 9345617.

ಐಎಂಒ ನಂಬರಿನಲ್ಲಿ ಏಳು ಅಂಕಿ. ಮೊದಲ ಆರನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ ಬರುವ ಮೊತ್ತದ ಕೊನೆಯ ಅಂಕಿಯೇ ಏಳನೆಯದು ಆಗಿರಬೇಕು. ಇಲ್ಲಿ 63+18+20+20+18+2=141. ಅಂದರೆ ಕೊನೆಗೆ 1 ಇರಬೇಕಿತ್ತು, 7 ಇದೆ. ಕೈಬರಹದ 1 ಅನ್ನು 7 ಎಂದು ಓದಿ ಟೈಪ್ ಮಾಡಿರಲೂಬಹುದು, ಹಾಗಾಗಿ ಇದೊಂದರಿಂದಲೇ ಮೋಸ ಎನ್ನಲಾಗದು.

ಆದರೆ ಪತ್ರದಲ್ಲಿರುವ ಎಂಎಂಎಸ್‌ಐ, ಅಂದರೆ ಹಡಗಿನ ರೇಡಿಯೋ ಗುರುತಿನ ಸಂಖ್ಯೆ ಕೂಡ ತಾಳೆಯಾಗುತ್ತಿಲ್ಲ, 419ರಿಂದ ಶುರುವಾಗಿದೆ. ಅದು ಭಾರತದ್ದು, ಪನಾಮದ್ದು 351, 352, 370 ಹೀಗೆ ಬರುತ್ತದೆ. ಧ್ವಜ ಬದಲಾದರೆ ಎಂಎಂಎಸ್‌ಐ, ಕಾಲ್ ಸೈನ್ (ರೇಡಿಯೋದಲ್ಲಿ ಹಡಗನ್ನು ಕರೆಯುವ ಸಂಕೇತ) ಎರಡೂ ಬದಲಾಗುತ್ತವೆ. ಹೆಸರು, ಮಾಲೀಕರು, ಧ್ವಜ ಏನೇ ಬದಲಾದರೂ ಐಎಂಒ ನಂಬರ್ ಮಾತ್ರ ಹಡಗು ಗುಜರಿಗೆ ಹೋಗುವವರೆಗೂ ಅದೇ.

ಹಡಗುಗಳ ಮಾಹಿತಿ ಸಿಗುವ, ಅಂತರರಾಷ್ಟ್ರೀಯ ಕಡಲ ಸಂಸ್ಥೆಯ (ಐಎಂಒ) ಗಿಸಿಸ್ ಜಾಲತಾಣದಲ್ಲಿ ಖಾತೆ ಇರುವವರು ಹಡಗಿನ ಹೆಸರು ಹಾಕಿ ಹುಡುಕಿಕೊಡುತ್ತೀರಾ? ಹೆಸರನ್ನು ಮೆಸೇಜಿನಲ್ಲಿ ಕಳಿಸುತ್ತೇನೆ. ಹಳೆಯ ಹೆಸರು, ಧ್ವಜಗಳೆಲ್ಲ ದಾಖಲಾಗಿರುವ ಸಿಎಸ್‌ಆರ್ (ಹಡಗಿನ ಇತಿಹಾಸದ ದಾಖಲೆ) ಪ್ರತಿಯನ್ನು ಕೆಲಸಕ್ಕೆ ಸೇರುವ ಮುನ್ನವೇ ಕೇಳಿ ಪಡೆದವರಿದ್ದೀರಾ? ಏಜೆಂಟ್ ಮುಂಗಡ ಹಣ ಕೇಳುತ್ತಿದ್ದಾನೆ. ಪರವಾನಗಿ ಇರುವವರು ಕೆಲಸ ಕೊಡಿಸಲು ಹಣ ಕೇಳುವಂತೆಯೇ ಇಲ್ಲ. ದಯವಿಟ್ಟು ಬೇಗ ತಿಳಿಸಿ, ಮನೆಯವರು ಸಾಲ ಎತ್ತುವ ಮೊದಲೇ ಗೊತ್ತಾಗಬೇಕು.