ವಿಷಪಾಚಿ ಎಣಿಸುವ ಇಂಟರ್ನ್‌ಶಿಪ್: ಎಣಿಕೆ ಏಕೆ ಇಳಿಯುತ್ತಿದೆ?

ಮೂಲ್ಕಿಯ ವಿದ್ಯಾರ್ಥಿನಿ:
ಎಂ.ಎಸ್ಸಿ. ಓದುತ್ತಿದ್ದೇನೆ. ಮೇ ತಿಂಗಳಿನಿಂದ ಎರಡು ತಿಂಗಳ ಇಂಟರ್ನ್‌ಶಿಪ್. ಶಾಂಭವಿ ಹೊಳೆಯ ಅಳಿವೆಯಿಂದ ನೀರು ತಂದು ಅದರಲ್ಲಿರುವ ವಿಷಕಾರಿ ಸೂಕ್ಷ್ಮಪಾಚಿಗಳನ್ನು ಎಣಿಸುವುದು ನನ್ನ ಕೆಲಸ. ಕೋಶಗಳು ಕೆಡದಂತೆ ದೋಣಿಯಲ್ಲೇ ಲೂಗಾಲ್ ಅಯೋಡಿನ್ ದ್ರಾವಣ ಹಾಕುತ್ತೇನೆ. ಆಗ ನೀರು ತೆಳು ಚಹಾದ ಬಣ್ಣಕ್ಕಿರುತ್ತದೆ, ಹತ್ತು ದಿನಕ್ಕೆ ಬಿಳಿಚಿಕೊಳ್ಳುತ್ತದೆ. ಒಂದೇ ಬಾಟಲಿಯಲ್ಲಿ ಮೊದಲು ಡೈನೋಫೈಸಿಸ್ ಎಂಬ ವಿಷಪಾಚಿಯ 41 ಕೋಶಗಳು ಸಿಕ್ಕಿದ್ದವು, ನಿನ್ನೆ 26. ನಿದ್ದೆ ಬರಲಿಲ್ಲ. ಅದೇ ಅಳಿವೆಯಲ್ಲಿ ನಮ್ಮ ಅಜ್ಜಿ ಇಳಿತದ ಹೊತ್ತಿಗೆ ಮರುವಾಯಿ (ಚಿಪ್ಪುಜೀವಿ) ಹೆಕ್ಕುತ್ತಾರೆ. ಈ ಪಾಚಿ ತಿಂದ ಮರುವಾಯಿಯಲ್ಲಿ ವಿಷ ಸೇರಿಕೊಳ್ಳುತ್ತದೆ ಎಂದರೆ, "ಚೆನ್ನಾಗಿ ಬೇಯಿಸಿದರೆ ಯಾವ ವಿಷ ಉಳಿಯುತ್ತದೆ?" ಎಂದು ಕೇಳುತ್ತಾರೆ. ಏನು ಹೇಳಲಿ?

ಪ್ಲವಕ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು:
ತಂಗಿ, ಬಾಟಲಿ ಬಿಳಿಯ ಪ್ಲಾಸ್ಟಿಕ್ಕಿನದೇ? ಬೆಳಕಿಗೆ ಅಯೋಡಿನ್ ಸತ್ವ ಕಳೆದುಕೊಳ್ಳುತ್ತದೆ. ಕಂದು ಗಾಜಿನ ಬಾಟಲಿಗೆ ಬದಲಿಸಿ, ಕತ್ತಲಲ್ಲಿಡಿ, ವಾರಕ್ಕೊಮ್ಮೆ ಬಣ್ಣ ನೋಡಿ ಹನಿ ಸೇರಿಸಿ. ಆದರೆ ಡೈನೋಫೈಸಿಸ್ ಕವಚವಿರುವ ಜೀವಿ, ಅಷ್ಟು ಬೇಗ ಕರಗುವುದಿಲ್ಲ. ಬೇಗ ಹಾಳಾಗುವುದು ಕವಚವಿಲ್ಲದವು. ಹಾಗಾಗಿ ನನ್ನ ಅನುಮಾನ ನಿಮ್ಮ ಕೈಯ ಮೇಲೆ. ಕೋಶಗಳು ತಳಕ್ಕೆ ಕೂರುತ್ತವೆ. ಬಾಟಲಿಯನ್ನು ಕುಲುಕಬೇಡಿ, ನಿಧಾನವಾಗಿ ತಲೆಕೆಳಗು ಮಾಡುತ್ತ ಹತ್ತಿಪ್ಪತ್ತು ಸಲ ತಿರುಗಿಸಿ, ಕೂಡಲೇ 1 ಮಿ.ಲೀ. ತೆಗೆಯಿರಿ. ಮೂರು ಬಾರಿ ತೆಗೆದು ಎಣಿಸಿ. ಹಳೆಯ ಅಂಕಿಗಳನ್ನು ಮಾತ್ರ ಅಳಿಸಬೇಡಿ, ಪಕ್ಕದಲ್ಲಿ ಕಾರಣ ಬರೆಯಿರಿ.

ಅಜ್ಜಿಗೆ ನೇರವಾಗಿಯೇ ಹೇಳಿ: ಅಲೆಕ್ಸಾಂಡ್ರಿಯಂನಂಥ ಬೇರೆ ಪಾಚಿಗಳ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಬೇಯಿಸಿದರೆ ಹೋಗುವುದಿಲ್ಲ. ಮೊದಲು ತುಟಿ ಜುಮ್ಮೆನ್ನುತ್ತದೆ, ಹೆಚ್ಚಾದರೆ ಉಸಿರೇ ನಿಲ್ಲಬಹುದು. 1983ರಲ್ಲಿ ಮಂಗಳೂರಿನ ಕಡೆಯೇ ಚಿಪ್ಪು ತಿಂದವರಿಗೆ ಈ ವಿಷ ಏರಿತ್ತು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ 7 ಜನ ತೀರಿಕೊಂಡರು. ನೀರಿನ ಬಣ್ಣವನ್ನೂ ನಂಬಬೇಡಿ. ರಾತ್ರಿ ನೀಲಿಯಾಗಿ ಹೊಳೆಯುವ ನಾಕ್ಟಿಲ್ಯುಕಾ ಎಂಬ ಸೂಕ್ಷ್ಮಜೀವಿಯಲ್ಲಿ ಈ ವಿಷವಿಲ್ಲ, ಆದರೆ ತಿಳಿಯಾಗಿ ಕಾಣುವ ನೀರಿನಲ್ಲೂ ಅಲೆಕ್ಸಾಂಡ್ರಿಯಂ ಇರಬಹುದು. ಹಾಗೆಂದು ನಿಮ್ಮ ಎಣಿಕೆಯೊಂದರಿಂದಲೇ ಮರುವಾಯಿ ತಿನ್ನಬಹುದೋ ಬಾರದೋ ಎಂದು ಹೇಳಲಾಗದು, ಮಾಂಸವನ್ನೇ ಪರೀಕ್ಷಿಸಬೇಕು. ಈ ವಿಷಕ್ಕೆ ಹಲವು ದೇಶಗಳ ಮಿತಿ ಕಿಲೋ ಮಾಂಸಕ್ಕೆ 0.8 ಮಿ.ಗ್ರಾಂ.

ದೋಣಿಯವರ ಮಗ:
ಅಳಿವೆಯಾಚೆಯ ನೀರು ಬೇಕಿದ್ದರೆ ಈ ತಿಂಗಳೇ ತಂದುಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಳೆ ಹಿಡಿದರೆ ಅಳಿವೆಯ ಬಾಯಲ್ಲಿ ನಾಡದೋಣಿಯನ್ನೂ ನಂಬಬೇಡಿ.

ಮೂಲ್ಕಿಯ ವಿದ್ಯಾರ್ಥಿನಿ:
ಅಕ್ಕಾ, ಅದೇ ಬಾಟಲಿಯನ್ನು ನಿಧಾನವಾಗಿ ತಿರುಗಿಸಿ ಮೂರು ಬಾರಿ ಎಣಿಸಿದೆ: 38, 35, 40. ಕಣ್ಣು ತುಂಬಿ ಬಂತು. ವಿಳಿಂಜಂನ ವಿಷಯ ಹೇಳಿದಾಗ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವೇ ಬುಟ್ಟಿಯಿಂದ ಅರ್ಧ ಕಿಲೋ ಮರುವಾಯಿ ತೆಗೆದು, ತೊಳೆದು, ನನ್ನ ಕೈಗಿಟ್ಟರು. ಮಾರ್ಗದರ್ಶಕರು ಅದನ್ನು ಪರೀಕ್ಷೆಗೆ ಕಳುಹಿಸಲು ಒಪ್ಪಿದ್ದಾರೆ. ಫಲಿತಾಂಶ ಬರುವವರೆಗೆ ನಮ್ಮ ಮನೆಯಲ್ಲಿ ಮರುವಾಯಿ ಸುಕ್ಕ ಇಲ್ಲ.