ಸಹಾಯ ಬೇಕು: ಇಂಜೆಕ್ಷನ್ ಕೊಟ್ಟ ಹಸುವಿನ ಸಗಣಿ ತೋಟಕ್ಕೆ ಹಾಕಬಹುದಾ?

ನಮಸ್ಕಾರ. ಶಿರಸಿ ಹತ್ತಿರ ನಮ್ಮ ಅಡಿಕೆ ತೋಟ. ಹೋದ ವಾರ ಒಂದು ಹಸುವಿಗೆ ಕೆಚ್ಚಲು ಬಾವು ಬಂದು ಆಕ್ಸಿಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಇಂಜೆಕ್ಷನ್ ಆಯ್ತು. ಹಾಲು ಚೆಲ್ಲಿ ಅಂದರು, ಚೆಲ್ಲಿದೆವು. ಸಗಣಿ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ!

ಈ ಔಷಧಿಯ ಜಾಸ್ತಿ ಪಾಲು ಹಾಗೇ ಸಗಣಿ, ಗಂಜಲದಲ್ಲಿ ಹೊರಬರುತ್ತದೆ. ಜೇಡಿಮಣ್ಣಿಗೆ ಅಂಟಿ ಉಳಿಯುತ್ತದೆ. ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಪೆಟ್ಟು, ಔಷಧಿಗೆ ಜಗ್ಗದವು ಮಾತ್ರ ಹೆಚ್ಚುತ್ತವೆ. ಇದೇ ಸಗಣಿಯಲ್ಲಿ ಜೀವಾಮೃತ (ಮಣ್ಣಿನ ಜೀವಾಣು ಹೆಚ್ಚಿಸಲು ಹಾಕುವ ದ್ರವಗೊಬ್ಬರ) ಮಾಡಿದರೆ ಜೀವ ಎಲ್ಲಿಂದ ಬರಬೇಕು, ಅಲ್ವಾ?

ಸದ್ಯ ಆ ಸಗಣಿಯನ್ನು ಗೊಬ್ಬರಗುಂಡಿಗೆ ಸೇರಿಸದೆ ಬೇರೆ ರಾಶಿ ಹಾಕಿ ದರಕು (ಒಣ ಎಲೆ) ಮುಚ್ಚಿದ್ದೇನೆ. ಬೆಳಿಗ್ಗೆ ಕೆದಕಿದರೆ ಹಬೆ ಏಳುತ್ತಿತ್ತು. ಬಿಸಿಯಲ್ಲಿ ಕೊಳೆತರೆ ಔಷಧಿ ಬಹಳಷ್ಟು ಒಡೆಯುತ್ತದೆ, ಅದು ಗೊತ್ತು. ಆದರೆ ಎಷ್ಟು ತಿಂಗಳು ಬಿಡಬೇಕು? ಎಷ್ಟು ಸಲ ಮಗುಚಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ. ಸುಮ್ನೆ 'ಏನಾಗಲ್ಲ ಹಾಕಿ ಮಾರಾಯ್ರೆ' ಅನ್ನಬೇಡಿ.