ಗುದ್ದಲಿಗೆ ಎಷ್ಟು ಸಲ ಪೂಜೆ?

"ಮೂರನೇ ಸಲ ಕಣೋ ಜಗ್ಗ! ಅದೇ ರಸ್ತೆ, ಅದೇ ಶಾಸಕರು, ಅದೇ ಪುರೋಹಿತರು. ಹೋದ ಸಲದ ಗುದ್ದಲಿ ಮೇಲಿನ ಕುಂಕುಮ ಇನ್ನೂ ಹೋಗಿಲ್ಲ, ರಸ್ತೆ ಹೋಯ್ತು."

ಶೇಷಣ್ಣ ಪೇಪರ್ ಮಡಚಿ ಕಟ್ಟೆ ಮೇಲೆ ಕುಕ್ಕಿದರು. ಜಗ್ಗ ಮೊಬೈಲಿನಿಂದ ತಲೆ ಎತ್ತಲಿಲ್ಲ. ಅದೇ ಪೂಜೆಯ ರೀಲ್ಸ್ ಎಡಿಟ್ ಮಾಡುತ್ತಿದ್ದ.

"ಇಲ್ನೋಡಿ ಶೇಷಣ್ಣ. ಮೊದಲು ಕಾರಿನ ಬಾಗಿಲು. ಆಮೇಲೆ ಚಪ್ಪಲಿ ಮಾತ್ರ. ಸ್ಲೋ ಮೋಷನ್. ಹಿಂದೆ ಧಂ ಧಂ ಅಂತ ಮ್ಯೂಸಿಕ್. ಗುದ್ದಲಿ ಎತ್ತಿದ್ರಾ? ಅಲ್ಲಿಗೆ ಕಟ್."

"ಎತ್ತಿದ್ದು ಇಳಿಯೋದು ಯಾವಾಗ?"

"ಇಳಿಸೋದು ಯಾಕೆ? ವ್ಯೂಸ್ ಬರೋದೆಲ್ಲ ಎತ್ತೋದಕ್ಕೇ."

"ಸರಿಹೋಯ್ತು. ಅದಕ್ಕೇ ನಮ್ಮೂರಲ್ಲಿ ನೆಲಕ್ಕೆ ಗುದ್ದಲಿ ತಾಗಿದ್ದನ್ನ ಕಂಡವರೇ ಇಲ್ಲ."

"ಡ್ರೋನ್ ಶಾಟ್ ಸಕತ್ತಾಗಿ ಬಂದಿದೆ ನೋಡಿ."

"ಆ ನೀಲಿ ಕಾಣ್ತಿರೋದು ಕೆರೆಯೇನೋ?"

"ಅಲ್ಲ, ಬಸ್ ಸ್ಟ್ಯಾಂಡ್ ಮುಂದಿನ ಗುಂಡಿ. ಸ್ವಲ್ಪ ಕಲರ್ ಕರೆಕ್ಷನ್ ಮಾಡಿದ್ದೀನಿ."

ಪದ್ದಕ್ಕ ನಗು ತಡೆಯಲಾರದೆ ಸೊಪ್ಪು ಬಿಡಿಸುವುದನ್ನೇ ನಿಲ್ಲಿಸಿದರು. ಜಗ್ಗ ಮಾತ್ರ ಗಂಭೀರವಾಗಿಯೇ ಇದ್ದ. "ನಗಬೇಡಿ, ಮುಂದಿನ ಸಲ ನಾನೇ ನಿಲ್ತೀನಿ. 25 ವರ್ಷ ತುಂಬಿದ್ರೆ ಸಾಕು. ಡೆಪಾಸಿಟ್ 10,000 ರೂಪಾಯಿ. ಆಯೋಗದ ಲೆಕ್ಕದಲ್ಲಿ 40 ಲಕ್ಷದವರೆಗೆ ಖರ್ಚು ಮಾಡಬಹುದು."

"ಅಷ್ಟರಲ್ಲಿ ಫ್ಲೆಕ್ಸ್ ಕಟ್ಟೋ ದಾರ ಬರುತ್ತೆ. ಗೆದ್ದಮೇಲೆ ಏನ್ ಕೆಲಸ, ಗೊತ್ತಾ?"

"ಗುದ್ದಲಿ ಪೂಜೆ, ಮದುವೆ, ಗೃಹಪ್ರವೇಶ, ಕಬಡ್ಡಿ ಉದ್ಘಾಟನೆ..."

"ಕಾನೂನು?"

"ಅದನ್ನ ಪೊಲೀಸ್ನೋರು ನೋಡ್ಕೋತಾರಲ್ಲ?"

"ಕಾನೂನು ಮಾಡೋದು ಕಣೋ! ಅದಕ್ಕೇ ಶಾಸಕ ಅನ್ನೋದು. 224 ಜನರನ್ನ ಆರಿಸಿ ಕಳಿಸೋದು ಅದಕ್ಕೇ."

"ಎಲ್ರೂ ಹೋಗಿ ಕೂತ್ಕೊಂಡ್ರೆ ತಾನೆ ಮಾಡೋದು?" ಅಂದರು ಪದ್ದಕ್ಕ.

"ಕೂರಲಿ ಅಂತಾನೇ 2025ರಲ್ಲಿ ರಿಕ್ಲೈನರ್ ಕುರ್ಚಿ ತರಿಸಿದ್ರಲ್ಲ. ಊಟ ಆದಮೇಲೆ ಮಲಗೋಕೆ ಹೊರಗೆ ಹೋದೋರು ವಾಪಸ್ ಬರ್ತಿರ್ಲಿಲ್ಲವಂತೆ. ಅಲ್ಲೇ ಒರಗಲಿ ಅಂತ ಏರ್ಪಾಡು. ಅದೇ ಅಧಿವೇಶನದಲ್ಲಿ ಶಾಸಕರ ಸಂಬಳ 40,000 ಇದ್ದದ್ದು 80,000 ಆಯ್ತು. ಗಲಾಟೆ ನಡೀತಾನೇ ಇತ್ತು, ಚರ್ಚೆ ಇಲ್ಲ, ಏನಿಲ್ಲ. ಅವತ್ತೇ ವಿರೋಧ ಪಕ್ಷದ 18 ಜನರ ಅಮಾನತು ಬೇರೆ. ಆದ್ರೂ ಮಸೂದೆ ಪಾಸು. ನೋಡು ಪದ್ದಕ್ಕ, ರಸ್ತೆಗೆ ಮೂರು ಗುದ್ದಲಿ ಪೂಜೆ ಬೇಕು. ಸಂಬಳಕ್ಕೆ ಒಂದೂ ಬೇಡ."

"ಪಾಪ, ಅವರ ಪಾಡೂ ಪಾಡಲ್ಲ ಬಿಡಿ ಶೇಷಣ್ಣ. ಬೆಳಗಾದ್ರೆ ಬಾಗಿಲಲ್ಲಿ ಜನ. ಒಬ್ಬರಿಗೆ ವರ್ಗಾವಣೆ, ಒಬ್ಬರಿಗೆ ಹಾಸ್ಟೆಲ್ ಸೀಟು, ಇನ್ನೊಬ್ಬನ ಮಗ ಠಾಣೇಲಿ. ನಮ್ಮ ಭಾವ ತೀರ್ಕೊಂಡಾಗ ಮದುವೆ ಮನೆಯಿಂದ ಸೀದಾ ಬಂದ್ರು. ತಲೇಲಿ ಅಕ್ಷತೆ ಹಾಗೇ ಇತ್ತು. ಅಕ್ಕನ ಮುಂದೆ ಕೈಮುಗಿದು ಬಗ್ಗಿದ್ರು ನೋಡಿ, ನಾಲ್ಕು ಕಾಳು ಭಾವನ ಮೇಲೇ ಬಿತ್ತು. ಅಕ್ಕ ಅಳ್ತಿದ್ದೋಳು ಹಾಗೇ ನೋಡ್ತಾ ಕೂತಳು. ಬರದೇ ಇದ್ದಿದ್ರೆ ವರ್ಷವೆಲ್ಲ ಆಡ್ಕೋತಿದ್ವಿ."

"ಸರಿ, ಬಂದ್ರು. ಹೋದ ಅಧಿವೇಶನದಲ್ಲಿ ಏನು ಮಾತಾಡಿದ್ರಿ ಅಂತ ಯಾರಾದ್ರೂ ಕೇಳಿದ್ರಾ?"

"ಸಾವಿನ ಮನೇಲಾ?"

"ಮದುವೆ ಮನೇಲೂ ಯಾರೂ ಕೇಳಲ್ಲ ಪದ್ದಕ್ಕ."

ಸ್ವಲ್ಪ ಹೊತ್ತು ಮೊಬೈಲಿನ ಧಂ ಧಂ ಒಂದೇ ಕೇಳಿಸಿತು. ಆಮೇಲೆ ಶೇಷಣ್ಣನೇ ಶುರುಮಾಡಿದರು, ದನಿ ಮಾತ್ರ ಇಳಿದಿತ್ತು. "ಶಾಂತವೇರಿ ಗೋಪಾಲಗೌಡರು ಓಟು ಕೇಳೋಕೆ ಬಂದ್ರೆ ಜನರೇ ದುಡ್ಡು ಕೊಡ್ತಿದ್ರಂತೆ. ಒಂದು ವೋಟು, ಒಂದು ನೋಟು. 1952ರಲ್ಲಿ ಸಾಗರ-ಹೊಸನಗರದಿಂದ ಹಾಗೇ ಗೆದ್ದು ಹೋದ್ರು. ಗೇಣಿದಾರರ ಪರವಾಗಿ ಎದ್ದು ನಿಂತ್ರೆ ಮಂತ್ರಿಗಳು ಕಾಗದ ಪತ್ರ ಹುಡುಕಬೇಕಿತ್ತು. ಮೂರು ಸಲ ಶಾಸಕರಾದ್ರು. 1972ರಲ್ಲಿ ಹೋದಾಗ ಆಸ್ತಿ ಅಂತ ಹೇಳ್ಕೊಳ್ಳೋ ಅಂಥದ್ದೇನೂ ಇರ್ಲಿಲ್ಲ. ಐವತ್ತೂ ತುಂಬಿರ್ಲಿಲ್ಲ. ನಮ್ಮಪ್ಪ ಅವರ ಭಾಷಣ ಕೇಳೋಕೆ ಗದ್ದೆ ಬದುವಿನ ಮೇಲೆ ನಡ್ಕೊಂಡು ಹೋಗ್ತಿದ್ದ, ಕೈಯಲ್ಲಿ ಲಾಟೀನು."

"ಎಷ್ಟು ಸೆಕೆಂಡಿನ ಭಾಷಣ?"

"ಸೆಕೆಂಡಲ್ಲಪ್ಪ! ಗಂಟೆಗಟ್ಟಲೆ."

ಜಗ್ಗನಿಗೆ ನಿಜಕ್ಕೂ ಬೇಜಾರಾಯಿತು. "ಕಷ್ಟ ಶೇಷಣ್ಣ. 30 ಸೆಕೆಂಡ್ ದಾಟಿದ್ರೆ ಯಾರೂ ನೋಡಲ್ಲ. ಅವರು ಈಗ ನಿಂತಿದ್ರೆ ಡೆಪಾಸಿಟ್ಟೂ ಉಳೀತಿರ್ಲಿಲ್ಲ."

"ನಾನು ಹಾಕ್ತಿದ್ದೆ."

"ನಿಮ್ಮ ಒಂದು ವೋಟಿಂದ ಏನಾಗುತ್ತೆ?"

"ಏನಾಗುತ್ತಾ? 2004ರಲ್ಲಿ ಸಂತೇಮರಹಳ್ಳೀಲಿ ಧ್ರುವನಾರಾಯಣ ಗೆದ್ದಿದ್ದು ಎಷ್ಟರಲ್ಲಿ? ಒಂದೇ ಒಂದು ವೋಟು! ಸೋತವರ ಕಾರ್ ಡ್ರೈವರ್‌ಗೆ ಅವತ್ತು ವೋಟ್ ಹಾಕೋಕೆ ಪುರಸೊತ್ತೇ ಆಗ್ಲಿಲ್ಲ ಅಂತ ಇವತ್ತಿಗೂ ಜನ ಹೇಳ್ತಾರೆ."

ಜಗ್ಗ ಮೊದಲ ಸಲ ಮೊಬೈಲ್ ಕೆಳಗಿಟ್ಟ. ಹುಬ್ಬು ಗಂಟಿಕ್ಕಿ ಯೋಚಿಸಿದ.

"ಹಂಗಾದ್ರೆ ನಾನೇ ಡ್ರೈವಿಂಗ್ ಕಲೀತೀನಿ."